ಹೆಬ್ಬೆಟ್ಟು

ನಮ್ಮ ಕಡೆ ಯಾರನ್ನಾದರೂ ‘ಹೆಬ್ಬೆಟ್ಟು’ ಎಂದರೆ ಅವರಿಗೆ ಓದುಬರಹ ಬಾರದು ಎಂದೇ ಅರ್ಥ. ಉಳಿದ ನಾಲ್ಕು ಬೆರಳುಗಳು ಏನನ್ನು ಹಿಡಿಯಬೇಕಾದರೂ ನೆರವಿಗೆ ಬರುವ ಈ ಗಟ್ಟಿ ಬೆರಳಿಗೆ ಇಂಥ ಅಪಖ್ಯಾತಿ ಅಂಟಿದ್ದು ಅನ್ಯಾಯವೆಂದು ನನಗೆ ಮೊದಲಿನಿಂದಲೂ ಅನ್ನಿಸಿದೆ. ಏಕೆಂದರೆ ನನ್ನ ಪ್ರಾಥಮಿಕ ಶಾಲೆಯ ಅಂಕಪಟ್ಟಿಗಳಲ್ಲಿ ‘ಪೋಷಕರ ಸಹಿ’ ಎಂಬ ಗೆರೆಯ ಮೇಲಿರುವ ನೀಲಿ ಗುರುತುಗಳೆಲ್ಲ ನನ್ನ ಅವ್ವನ ಹೆಬ್ಬೆಟ್ಟಿನವು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ ಗಾಳಿ ಬಂದ ಕಡೆಗೆಲ್ಲ ತೇಲಿಬರುವ ಓಣಿಯೊಂದರಲ್ಲಿ ನಮ್ಮ ಮನೆಯಿತ್ತು. ಅಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಆದರೆ ಕಾಟನ್ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರನ್ನು ಅಂಕಪಟ್ಟಿಗಾಗಿ ಎಬ್ಬಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೀಗಾಗಿ ಆ ಕಾಗದ ಅವ್ವನ ಕೈಗೇ ಹೋಗುತ್ತಿತ್ತು. ಅವ್ವನಿಗೆ ಅಕ್ಷರ ಬಾರದಿದ್ದರೂ, ಭಟ್ಟಿಗೆ ಕೂಲಿಗೆ ಹೋಗಿ ಮಂಡಕ್ಕಿ ಚೀಲಗಳ ಲೆಕ್ಕವನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆದಿಟ್ಟು ರೂಢಿಯಾಗಿದ್ದರಿಂದ ಅಂಕಿಗಳೆಲ್ಲ ಚೆನ್ನಾಗಿ ಗೊತ್ತಿದ್ದವು. ಅಂಕಪಟ್ಟಿಯ ಮಟ್ಟಿಗೆ ಇದು ನನ್ನ ದುರದೃಷ್ಟ. 35ಕ್ಕಿಂತ ಕೆಳಗಿನದನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದುದರಿಂದ ಬಚ್ಚಿಡುವ ದಾರಿಯೂ ಇರಲಿಲ್ಲ.

“ಇದೊಂದ್ಯಾಕಲೇ ಕೆಂಪಗೈತಿ?”

“ಗಣಿತ ಅವ್ವ.”

“ಅದ್ರಾಗೆ ಏನು ತಿಳೀಲಿಲ್ಲ ನಿಂಗೆ?”

ಎಷ್ಟೋ ವರ್ಷಗಳ ನಂತರ ಈ ಪ್ರಶ್ನೆಯ ಬೆಲೆ ನನಗೆ ತಿಳಿಯಿತು. ‘ಯಾಕೆ ಕಡಿಮೆ ಬಂತು’ ಎಂದು ಕೇಳಿದ್ದರೆ ನಾನು ಹಾಳೆ ಸಾಲಲಿಲ್ಲವೆಂದೋ, ಜ್ವರ ಬಂದಿತ್ತೆಂದೋ ಸುಳ್ಳು ಹೇಳಿ ಪಾರಾಗುತ್ತಿದ್ದೆ. ಏನು ತಿಳಿಯಲಿಲ್ಲ ಎಂಬುದಕ್ಕೆ ಸುಳ್ಳು ಹೊಳೆಯುವುದಿಲ್ಲ. ಭಿನ್ನರಾಶಿ ಎಂದೆ. ಹಾಗೆಂದರೇನು ಎಂದು ಅವ್ವ ಕೇಳಿದಳು. ಛೇದ, ಅಂಶ, ಲಸಾಅ ಎಂದು ನಾನು ಉರುಹೊಡೆದದ್ದನ್ನೆಲ್ಲ ಒಪ್ಪಿಸಿದ ಮೇಲೆ, ಹಂಚಿನ ಮೇಲಿನ ರೊಟ್ಟಿಯನ್ನು ಮಗುಚುತ್ತಲೇ, “ಅರ್ಧ ರೊಟ್ಟಿಗೆ ಕಾಲು ರೊಟ್ಟಿ ಕೂಡಿದ್ರೆ ಮುಕ್ಕಾಲು. ಇದ್ರಾಗೇನೈತಿ?” ಎಂದಳು. ಮೇಷ್ಟ್ರು ರೊಟ್ಟಿ ಎನ್ನುವುದಿಲ್ಲ, ಛೇದ ಎನ್ನುತ್ತಾರೆ ಎಂದು ನಾನು ವಾದಿಸಿದೆ. “ಹಂಗಾದ್ರೆ ಅದು ನಂಗೂ ತಿಳಿಯಂಗಿಲ್ಲ. ನಾಳೆ ಅವರನ್ನೇ ಇನ್ನೊಂದ್ಸಲ ಕೇಳು,” ಎಂದು ಹೇಳಿ, ಪೆನ್ನಿನ ಶಾಯಿಯನ್ನು ಹೆಬ್ಬೆಟ್ಟಿಗೆ ಸವರಿಕೊಂಡು ಒತ್ತಿದಳು.

ಮೇಷ್ಟ್ರನ್ನು ಇನ್ನೊಂದು ಸಲ ಕೇಳುವುದು ಆ ಕಾಲದಲ್ಲಿ ಸಣ್ಣ ಸಾಹಸವಲ್ಲ. ‘ಕೈ ಕಟ್ಟು, ಬಾಯಿ ಮುಚ್ಚು’ ಎಂಬುದು ನಾವು ಅಆಇಈಗಿಂತ ಮೊದಲು ಕಲಿತ ಪಾಠ. ಹಾಗಿದ್ದೂ ನಾನು ಮರುದಿನ ಎದ್ದು ನಿಂತು ಕೇಳಿದೆನೆಂದರೆ, ಅದಕ್ಕೆ ನನ್ನ ಧೈರ್ಯ ಕಾರಣವಲ್ಲ. ತಿಳಿಯಲಿಲ್ಲ ಎಂದು ಬಾಯಿಬಿಟ್ಟು ಹೇಳುವುದನ್ನು ಒಲೆಯ ಮುಂದೆ ಒಮ್ಮೆ ಹೇಳಿ ಅಭ್ಯಾಸವಾಗಿತ್ತು, ಅಷ್ಟೆ. ಮೇಷ್ಟ್ರು ಹೊಡೆಯಲೂ ಇಲ್ಲ, ಹೊಗಳಲೂ ಇಲ್ಲ, ಲೆಕ್ಕವನ್ನು ಮತ್ತೊಮ್ಮೆ ಮಾಡಿ ತೋರಿಸಿದರು.

ಈಗ ಇದೆಲ್ಲ ಕಾನೂನಿನಲ್ಲೇ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣವು, ಮಗುವನ್ನು ಭಯ, ಆತಂಕಗಳಿಂದ ಮುಕ್ತಗೊಳಿಸಿ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆಂದು ವಿಧಿಸುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ, ತಾಯಿ, ಪೋಷಕರೇ ಇರಬೇಕೆಂದೂ, ಸಮಿತಿಯ ಅರ್ಧದಷ್ಟು ಮಂದಿ ಮಹಿಳೆಯರಾಗಿರಬೇಕೆಂದೂ 21ನೇ ಪ್ರಕರಣ ಹೇಳುತ್ತದೆ. (ಅರ್ಧ, ಮುಕ್ಕಾಲು ಎಂದೊಡನೆ ನನಗೆ ರೊಟ್ಟಿಯೇ ನೆನಪಾಗುವುದು ನನ್ನ ದೌರ್ಬಲ್ಯ.) ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆತಾಯಿಗಳ ಕರ್ತವ್ಯವೆಂದು ಸಂವಿಧಾನಕ್ಕೆ 2002ರಲ್ಲಿ ಆದ 86ನೇ ತಿದ್ದುಪಡಿಯೂ ಸಾರುತ್ತದೆ. ಆ ಕರ್ತವ್ಯವನ್ನು ನಾವು ಫೀಸು ಕಟ್ಟಿ, ಟ್ಯೂಷನ್ನಿಗೆ ಹಚ್ಚಿ, ಆಟೊ ಗೊತ್ತುಮಾಡಿ ಪೂರೈಸಿದ್ದೇವೆಂದು ನಂಬಿದ್ದೇವೆ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಮಗುವಿನ ಮಾತಿಗೆ ಯಾರು ಕಿವಿಗೊಟ್ಟರು ಎಂದು ನೋಡಲು ಯಾವ ಕಾಯ್ದೆಯೂ ಅಡುಗೆಮನೆಗೆ ಬರಲಾರದು.

ನಾನು ಪದವೀಧರ. ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಹೋದ ತಿಂಗಳ ಪೋಷಕರ ಸಭೆಯಲ್ಲಿ ಆಕೆಯ ಟೀಚರು, “ಹುಡುಗಿ ಜಾಣೆ ಸರ್, ಆದರೆ ಪ್ರಶ್ನೆ ಜಾಸ್ತಿ,” ಎಂದಾಗ ನಾನು ತಪ್ಪೊಪ್ಪಿಗೆಯ ಮುಖ ಮಾಡಿಕೊಂಡು ತಲೆಯಾಡಿಸಿದೆ. ಮನೆಗೆ ಬಂದು “ಎದುರು ಮಾತಾಡಬೇಡ” ಎಂದು ಆಕೆಗೆ ಬುದ್ಧಿಯನ್ನೂ ಹೇಳಿದೆ. ಹೆಮ್ಮೆ ಪಡಬೇಕಾದ ಕಡೆ ನಾಚಿಕೊಂಡದ್ದು ಆಗ ಹೊಳೆಯಲಿಲ್ಲ. ಶಾಲೆಯಿಂದ ವಾಟ್ಸಾಪ್ ಗುಂಪಿಗೆ ಬರುವ ಸೂಚನೆಗಳಿಗೆಲ್ಲ ನನ್ನ ಉತ್ತರ ಒಂದೇ, ಹಳದಿ ಹೆಬ್ಬೆಟ್ಟು. ಅವ್ವ ಎಲ್ಲವನ್ನೂ ಕೇಳಿ ತಿಳಿದ ಮೇಲೆ ಒತ್ತುತ್ತಿದ್ದಳು. ನಾನು ಓದುವುದಕ್ಕೆ ಮೊದಲೇ ಒತ್ತುತ್ತೇನೆ.

ಮೊನ್ನೆ ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಂದು ಹರಡಿಕೊಂಡು ಕುಳಿತಿದ್ದಾಗ ಫೋನು ಸದ್ದು ಮಾಡಿತು. ಒಂದು ಕೈಯಲ್ಲಿ ಮೆಣಸಿನಕಾಯಿ ಹಿಡಿದೇ ಇನ್ನೊಂದರಿಂದ ಹೆಬ್ಬೆಟ್ಟು ಕಳಿಸಿದೆ.

“ಏನಂತ ಬರೆದಿದ್ರು ಅಪ್ಪಾಜಿ?” ಎಂದಳು ಮಗಳು.

ನೋಡಿ ಹೇಳಬೇಕಾಯಿತು. ಮಕ್ಕಳಿಗೆ ತರಗತಿಯಲ್ಲಿ ಏನು ತೊಂದರೆಯಿದೆ ಎಂಬುದನ್ನು ಅವರನ್ನೇ ಕೇಳಿ, ಶುಕ್ರವಾರದೊಳಗೆ ಬರೆದು ತಿಳಿಸಿರೆಂದು ಟೀಚರು ಕೋರಿದ್ದರು. ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟುಗಳಿದ್ದವು. ಒಂದಾದರೂ ಉತ್ತರವಿರಲಿಲ್ಲ.

“ನಿಂಗೇನು ತೊಂದರೆಯಮ್ಮಾ?” ಎಂದು ಕೇಳಿದೆ. ಆಕೆ ನನ್ನ ಮುಖವನ್ನು ಒಂದು ಕ್ಷಣ ಅನುಮಾನದಿಂದ ನೋಡಿ, “ಎದುರು ಮಾತು ಅನ್ನಲ್ಲ ತಾನೆ?” ಎಂದು ಖಚಿತಪಡಿಸಿಕೊಂಡು, ಕಿಟಕಿಯ ಪಕ್ಕದ ಬೆಂಚಿನಿಂದ ಕರಿಹಲಗೆ ಹೊಳೆದು ಕಾಣದಿರುವುದರಿಂದ ಆರಂಭಿಸಿದಳು. ನಾನು ಬರೆದುಕೊಳ್ಳತೊಡಗಿದೆ. ಆಕೆ ವಿಜ್ಞಾನದ ಪಿರಿಯಡ್ಡಿಗೆ ಬರುವಷ್ಟರಲ್ಲಿ ಮೆಣಸಿನಕಾಯಿ ತಣ್ಣಗಾಗಿತ್ತು.