ಪ್ರಶ್ನೆ ಬೇಡ ಅಂದ್ಮೇಲೆ ಸುದ್ದಿಗೋಷ್ಠಿ ಯಾಕ್ರೀ ಕರೀತೀರಿ?

ಹನ್ನೊಂದಕ್ಕೆ ಸುದ್ದಿಗೋಷ್ಠಿ ಅಂತ ಹತ್ತೂವರೆಗೆ ವಾಟ್ಸ್ಆ್ಯಪ್ ಗ್ರೂಪಿಗೆ ಮೆಸೇಜು. ವಿಷಯ ಏನು ಅಂತ ಮಾತ್ರ ಇರೋದಿಲ್ಲ. ಹೇಳಿಬಿಟ್ಟರೆ ವರದಿಗಾರರು ಕಡತ ಓದ್ಕೊಂಡು ಬಂದ್ಬಿಡ್ತಾರಲ್ಲ! ಸಾಹೇಬರು ಬರೋದು ಹನ್ನೆರಡೂಕಾಲಿಗೆ. ಅಷ್ಟರಲ್ಲಿ ಮೇಜಿನ ಮೇಲೆ ಚಾನೆಲ್ ಲೋಗೊಗಳ ಗುಡ್ಡೆ, ಒಂದು ಗಂಟೆಯ ಬುಲೆಟಿನ್‌ಗೆ ಬೈಟ್, ಅಂದ್ರೆ ಸಾಹೇಬರ ಮಾತಿನ ತುಣುಕು, ಬೇಕು ಅಂತ ಆಫೀಸಿನಿಂದ ಫೋನ್ ಮೇಲೆ ಫೋನ್. ಆ ತಡವನ್ನು ಟ್ರಾಫಿಕ್ ತಲೆಗೆ ಕಟ್ಟಬೇಡಿ. ಗಡಿಬಿಡಿಯಲ್ಲಿರುವವನು ಎರಡನೇ ಪ್ರಶ್ನೆ ಕೇಳೋದಿಲ್ಲ ಅನ್ನೋದು ಮಾಧ್ಯಮ ಕಾರ್ಯದರ್ಶಿಗೆ ಚೆನ್ನಾಗಿ ಗೊತ್ತು.

ಆಮೇಲೆ ಇಪ್ಪತ್ತೈದು ನಿಮಿಷ ಪ್ರೆಸ್ ನೋಟ್ ಪಾರಾಯಣ. ಅದು ಆಗಲೇ ಎಲ್ಲರ ಕೈಯಲ್ಲಿದೆ ಸ್ವಾಮಿ! ಉಳಿದ ಐದು ನಿಮಿಷದಲ್ಲಿ ಮೊದಲ ಪ್ರಶ್ನೆ ಮುಂದಿನ ಸಾಲಿನ ಆಪ್ತರದ್ದು: ‘ಸರ್, ವಿರೋಧ ಪಕ್ಷದವರ ಆರೋಪಕ್ಕೆ ಏನಂತೀರಿ?’ ಶುದ್ಧ ಫುಲ್‌ಟಾಸ್. ಕೊನೆಗೆ ಒಬ್ಬರು ಟೆಂಡರ್ ಬಗ್ಗೆ ಕೇಳಿದರೆ, ‘ನನ್ನ ಗಮನಕ್ಕೆ ಬಂದಿಲ್ಲ, ತರಿಸ್ಕೊಂಡು ನೋಡ್ತೀನಿ.’ ‘ಫೈಲಿಗೆ ಸಹಿ ಹಾಕಿದ್ದು ನೀವೇ ಅಲ್ವಾ ಸರ್?’ ಅಂತ ತಕ್ಷಣ ಹಿಡೀಬೇಕು. ಹಿಡಿಯೋದರೊಳಗೆ ಹಿಂದಿನಿಂದ ಇನ್ನೊಬ್ಬರು, ‘ಸರ್, ಸಂಪುಟ ವಿಸ್ತರಣೆ ಯಾವಾಗ?’ ಸಾಹೇಬರ ಮುಖ ಅರಳುತ್ತೆ. ‘ಹೈಕಮಾಂಡ್ ತೀರ್ಮಾನ ಮಾಡುತ್ತೆ.’ ಅಲ್ಲಿಗೆ ಟೆಂಡರ್ ಕಥೆ ಮುಗೀತು. ‘ಆಯ್ತು, ಆಯ್ತು, ಎಲ್ಲರೂ ಊಟ ಮಾಡ್ಕೊಂಡು ಹೋಗಿ.’

ಸಂಜೆ ಟಿವಿ ಪಟ್ಟಿಯಲ್ಲಿ ಏನು ಓಡುತ್ತೆ ಗೊತ್ತಾ? ‘ಟೆಂಡರ್ ಅಕ್ರಮ: ಪರಿಶೀಲನೆಗೆ ಸಚಿವರ ಭರವಸೆ’. ಜಾರಿಕೊಂಡಿದ್ದೇ ಭರವಸೆ ಆಗಿಹೋಯ್ತು! ಇದರಲ್ಲಿ ನಮ್ಮ ವೃತ್ತಿಯವರ ಪಾಲು ಕಮ್ಮಿ ಏನಲ್ಲ. ಒಬ್ಬರ ಪ್ರಶ್ನೆಗೆ ಉತ್ತರ ಬರುವ ತನಕ ಉಳಿದವರು ಬಾಯಿ ಮುಚ್ಚಿಕೊಂಡಿದ್ದರೆ ಈ ಆಟ ಒಂದು ವಾರವೂ ನಡೆಯಲ್ಲ.

ದಿಲ್ಲಿಯಲ್ಲಿ ಆ ನಾಟಕವೂ ಇಲ್ಲ. ಪ್ರಧಾನಿಯೊಬ್ಬರು ಸುದ್ದಿಗೋಷ್ಠಿ ಕರೆದು ಕೂತು ಪ್ರಶ್ನೆ ತೆಗೆದುಕೊಂಡದ್ದು ಅಂದ್ರೆ 2014ರ ಜನವರಿ 3ರಂದು ಮನಮೋಹನ್ ಸಿಂಗ್, ಅದೇ ಕೊನೆ. 2019ರ ಮೇ 17ರಂದು ಮೋದಿ ಪಕ್ಷದ ಕಚೇರಿಯ ಸುದ್ದಿಗೋಷ್ಠಿಗೆ ಬಂದು ಕೂತರು, ಪ್ರಶ್ನೆಗಳಿಗೆ ಉತ್ತರ ಹೇಳಿದ್ದು ಅಮಿತ್ ಶಾ.

ನಮ್ಮ ವಿಧಾನಸಭೆ ಏನು ಕಮ್ಮಿ? 2012ರ ಫೆಬ್ರುವರಿಯಲ್ಲಿ ಸದನದೊಳಗೆ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದದ್ದನ್ನು ಹಿಡಿದದ್ದು ಖಾಸಗಿ ಚಾನೆಲ್ ಕ್ಯಾಮೆರಾ. ಮೂವರು ಸಚಿವರು ರಾಜೀನಾಮೆ ಕೊಡಬೇಕಾಯ್ತು. 2019ರ ಅಕ್ಟೋಬರ್‌ನಲ್ಲಿ ಖಾಸಗಿ ಕ್ಯಾಮೆರಾಗಳನ್ನೇ ಹೊರಗಿಟ್ಟರು. ಅಧಿಕೃತ ಕ್ಯಾಮೆರಾ ಮಾತಾಡುವವರ ಮುಖ ತೋರಿಸುತ್ತೆ, ಹಿಂದಿನ ಸಾಲಿನವರ ಮೊಬೈಲನ್ನಲ್ಲ.

ಇದಕ್ಕಿಂತ ಹೊಟ್ಟೆ ಉರಿಸೋದು ಕೋರ್ಟ್ ದಾರಿ. 2021ರ ಮಾರ್ಚಿನಲ್ಲಿ ಆರು ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ ಅರವತ್ತಕ್ಕೂ ಹೆಚ್ಚು ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದರು. ಯಾವ ಸುದ್ದಿಗೆ? ಇನ್ನೂ ಬಾರದೇ ಇದ್ದ ಸುದ್ದಿಗೆ! ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಪ್ರಕಾರ ಮೊದಲು ಎದುರಾಳಿಗೆ ನೋಟಿಸ್ ಕೊಡಬೇಕು. ಕೊಡದೇ ತಡೆಯಾಜ್ಞೆ ಕೊಟ್ಟರೆ ಕಾರಣ ಬರೀಬೇಕು, 30 ದಿನದೊಳಗೆ ಆ ಅರ್ಜಿ ಇತ್ಯರ್ಥ ಮಾಡಲು ಯತ್ನಿಸಬೇಕು. ಆ 30 ದಿನ ಎಷ್ಟು ಸಲ ಹಿಗ್ಗುತ್ತೆ ಅಂತ ಕೋರ್ಟ್ ಬೀಟ್‌ನ ವರದಿಗಾರರನ್ನು ಕೇಳಿ. ವಿಚಾರಣೆಗೆ ಮೊದಲೇ ಹೀಗೆ ಏಕಪಕ್ಷೀಯವಾಗಿ ಬಾಯಿ ಕಟ್ಟಬೇಡಿ, ತೀರಾ ಅಪರೂಪಕ್ಕೆ ಮಾತ್ರ ಅಂತ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮೊದಲೇ ಕೇವಿಯಟ್ ಹಾಕಿಡಿ, ಅಂದ್ರೆ ನಮ್ಮ ಮಾತು ಕೇಳದೇ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಅರ್ಜಿ ಕೊಟ್ಟಿಡಿ ಅಂತ ವಕೀಲರು ಸಲಹೆ ಕೊಡ್ತಾರೆ. ಅದರ ಆಯುಸ್ಸು 90 ದಿನ. 224 ಶಾಸಕರ ಹೆಸರಲ್ಲೂ ಮೂರು ತಿಂಗಳಿಗೊಮ್ಮೆ ಹಾಕ್ತಾ ಕೂರೋಣವೇ?

ಕೊನೆಗೆ ಡೆಸ್ಕಿನಲ್ಲಿ ಹೆಸರು ಹೊಡೆದುಹಾಕಿ ‘ಪ್ರಭಾವಿ ಸಚಿವರೊಬ್ಬರು’ ಅಂತ ಬರೆದು, ವಕೀಲರಿಗೆ ತೋರಿಸಿ ಪುಟ ಬಿಡ್ತಾರೆ. ಬೆಳಿಗ್ಗೆ ಓದಿದವರು ‘ಹೆಸರು ಬರೆಯೋಕೆ ಧೈರ್ಯ ಇಲ್ವೇನ್ರೀ’ ಅಂತ ಪತ್ರಿಕೆಗೇ ಉಗೀತಾರೆ.