ಹೆಸರಿಲ್ಲದ ಸರ್ವೆಯಲ್ಲಿ ನೀವೊಬ್ಬರೇ ಬಾಕಿ

ಕಂಪನಿಗೆ ಮತ್ತೆ ನಮ್ಮ ಮೇಲೆ ಪ್ರೀತಿ ಉಕ್ಕಿದೆ. ಸೋಮವಾರ ಮೇಲ್ ಬಂತು. ಈ ವರ್ಷ ನಮ್ಮದು ‘ಜನರೇ ಮೊದಲು’ ನಾಯಕತ್ವವಂತೆ. ನೌಕರರ ನಂಬಿಕೆ ಎಷ್ಟಿದೆ ಅಂತ ತಿಳಿಯಲು ಒಂದು ಸರ್ವೆ. ಹೆಸರು ಬರೆಯಬೇಕಿಲ್ಲ, ಎಲ್ಲ ಗುಟ್ಟು.

ನಾನು ತುಂಬಲಿಲ್ಲ. ಬುಧವಾರ ಇನ್ನೊಂದು ಮೇಲ್: ‘ನೀವಿನ್ನೂ ಸರ್ವೆ ತುಂಬಿಲ್ಲ.’ ಗುರುವಾರ ಮ್ಯಾನೇಜರ್ ಖುದ್ದಾಗಿ ಬಂದು, “ಟೀಮಿನಲ್ಲಿ ನೀವೊಬ್ಬರೇ ಬಾಕಿ” ಅಂದರು. ಸರಿ, ತೆರೆದೆ. ಮೊದಲ ಪ್ರಶ್ನೆ: ಮ್ಯಾನೇಜರ್ ನಿಮ್ಮ ಮಾತಿಗೆ ಕಿವಿಗೊಡುತ್ತಾರೆಯೇ? ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಐದಕ್ಕೆ ಐದು ಕೊಟ್ಟೆ.

ಡಗ್ಲಾಸ್ ಮೆಕ್‌ಗ್ರೆಗರ್ ಎಂಬ ಪ್ರೊಫೆಸರ್ ಮ್ಯಾನೇಜರ್‌ಗಳು ನೌಕರರನ್ನು ನೋಡುವ ಎರಡು ಬಗೆಯನ್ನು 1960ರಲ್ಲೇ ಬಿಡಿಸಿ ಹೇಳಿದ್ದರು. ಜನ ಮೈಗಳ್ಳರು, ಕಾವಲು ಬೇಕು ಅನ್ನುವುದು ಥಿಯರಿ ಎಕ್ಸ್. ಹೊಣೆ ಕೊಟ್ಟರೆ ಜನ ತಾವಾಗಿಯೇ ದುಡಿಯುತ್ತಾರೆ ಅನ್ನುವುದು ಥಿಯರಿ ವೈ. ನಮ್ಮವರು ಎರಡಕ್ಕೂ ಮೋಸ ಮಾಡಿಲ್ಲ. ಭಾಷಣಕ್ಕೆ ವೈ, ಲ್ಯಾಪ್‌ಟಾಪಿಗೆ ಎಕ್ಸ್.

ಲ್ಯಾಪ್‌ಟಾಪ್ ಅಂದ ಮೇಲೆ ಆಫೀಸಿನ ಚಾಟ್‌ನಲ್ಲಿ ನಮ್ಮ ಹೆಸರಿನ ಪಕ್ಕ ‘ಕೆಲಸದಲ್ಲಿದ್ದಾರೆ’ ಅಂತ ತೋರಿಸುವ ಆ ಹಸಿರು ಚುಕ್ಕೆಯ ವಿಷಯ ಹೇಳಲೇಬೇಕು. ಸ್ವಲ್ಪ ಹೊತ್ತು ಮೌಸ್ ಮುಟ್ಟದಿದ್ದರೆ ಅದು ಹಳದಿಯಾಗುತ್ತದೆ. ಯೋಚನೆ ಮಾಡುತ್ತಾ ಕೂತರೆ ಸೋಮಾರಿ, ಸುಮ್ನೆ ಮೌಸ್ ಉಜ್ಜುತ್ತಿದ್ದರೆ ಶ್ರಮಜೀವಿ! ಅದಕ್ಕೇ ಮೌಸ್ ಅಲ್ಲಾಡಿಸುವ ಯಂತ್ರವೇ ಮಾರಾಟಕ್ಕೆ ಬಂತು. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಕೀಬೋರ್ಡ್ ಒತ್ತಿದಂತೆ ನಾಟಕವಾಡಿದರು ಅಂತ ಹನ್ನೆರಡಕ್ಕೂ ಜಾಸ್ತಿ ಜನರನ್ನು ಮನೆಗೆ ಕಳಿಸಿತು. ಕಾಯುವುದಕ್ಕೊಂದು ಯಂತ್ರ, ಅದಕ್ಕೆ ಟೋಪಿ ಹಾಕುವುದಕ್ಕೆ ಇನ್ನೊಂದು. ನಡುವೆ ಮನುಷ್ಯರಿಗೆ ಒಂದಿಷ್ಟು ಪುರುಸೊತ್ತು. ಜನಕೇಂದ್ರಿತ ಅನ್ನುವುದು ಇದಕ್ಕೇ ಇರಬೇಕು.

ಇನ್ನು ‘ನಾವೆಲ್ಲ ಒಂದೇ ಕುಟುಂಬ’. 2021ರ ಡಿಸೆಂಬರ್ ನೆನಪಿದೆಯಲ್ಲ? ಸುಮಾರು 900 ಜನರನ್ನು ಒಂದೇ ಝೂಮ್ ಕಾಲ್‌ನಲ್ಲಿ ಕೆಲಸದಿಂದ ತೆಗೆದ ಅಮೆರಿಕದ ಕಂಪನಿಯ ಹೆಸರು ಬೆಟರ್. ಕುಟುಂಬವಂತೆ! ನನ್ನ ಪಕ್ಕದ ಮೇಜಿನವರು ಹನ್ನೊಂದು ವರ್ಷ ದುಡಿದಿದ್ದರು. ಅವರು ಹೋದದ್ದು ನಮಗೆ ಗೊತ್ತಾಗಿದ್ದು ಗ್ರೂಪಿನಲ್ಲಿ ಅವರ ಹೆಸರು ಕಾಣದಿದ್ದಾಗ. ಯಾರೂ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ, ಹೆದರಿಕೆ. ಇದರಲ್ಲಿ ತಮಾಷೆ ಮಾಡುವಂಥದ್ದು ನನಗೇನೂ ಕಾಣುತ್ತಿಲ್ಲ. ಕೇಕ್ ಬೇಡ ಸ್ವಾಮಿ, ಸ್ಲೈಡೂ ಬೇಡ. ಜ್ವರ ಅಂದರೆ ಜ್ವರ ಅಂತ ನಂಬಿ. ತೆಗೆಯುವುದಿದ್ದರೆ ಎದುರು ಕೂತು, ಮುಂಚೆಯೇ ಹೇಳಿ. ಅಷ್ಟೂ ಆಗುವುದಿಲ್ಲವೇ?

ಇವತ್ತು ಮತ್ತೆ ಮೇಲ್ ಬಂದಿದೆ. ಶನಿವಾರ ನಂಬಿಕೆ ಬೆಳೆಸುವ ಶಿಬಿರವಂತೆ. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಉಳಿದವರು ಹಿಡಿದುಕೊಳ್ಳುತ್ತಾರೆ. ಹಾಜರಿ ಕಡ್ಡಾಯ. ಜೊತೆಗೊಂದು ಫಾರಂ ಇದೆ: ಬಿದ್ದು ಏಟಾದರೆ ಕಂಪನಿ ಹೊಣೆಯಲ್ಲ, ಇಲ್ಲಿ ಸಹಿ ಮಾಡಿ.