ಮುಚ್ಚಳಿಕೆ ಬರೆಸಿಕೊಳ್ಳದ ದೇವರು

ಅಮ್ಮನಿಗೆ ಈಗ 81. ಮರೆವಿನ ಕಾಯಿಲೆ ಶುರುವಾಗಿ ನಾಲ್ಕು ವರ್ಷ ಆಯ್ತು. ಊಟ ಮಾಡಿ, ಕೈ ತೊಳೆದು, ಹತ್ತು ನಿಮಿಷಕ್ಕೆ ಮತ್ತೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. "ಈ ಮನೇಲಿ ನನ್ನನ್ನ ಊಟಕ್ಕೆ ಕರೆಯೋರೇ ಇಲ್ಲ" ಅನ್ನುತ್ತಾಳೆ. ಮೊದಲ ಸಲ ನಗು ಬರುತ್ತದೆ. ಎರಡನೇ ಸಲ "ಈಗ ತಾನೇ ಉಂಡ್ಯಲ್ಲಮ್ಮಾ" ಅಂತ ಸಮಾಧಾನದಿಂದಲೇ ಹೇಳುತ್ತೇನೆ. ಐದನೇ ಸಲದ ಹೊತ್ತಿಗೆ ನಾನು ನಾನಾಗಿರುವುದಿಲ್ಲ.

ಈ ಸಲದ ತಪಸ್ಸುಕಾಲದ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳ, ಒಂದು ಶುಕ್ರವಾರ. ಆಫೀಸಿಗೆ ಹೊರಡುವ ಗಡಿಬಿಡಿ. ರಾಗಿ ಗಂಜಿ ಆರಿಸಿ ಚಮಚದಲ್ಲಿ ಕುಡಿಸುತ್ತಾ ಇದ್ದೆ. ನಾಲ್ಕು ಚಮಚ ಕುಡಿದು ಐದನೆಯದಕ್ಕೆ ಬಾಯಿ ಬಿಗಿ ಮಾಡಿದಳು. ನಾನು ಬಲವಂತ ಮಾಡಿದೆ. ಅವಳು ಕೈ ಬೀಸಿದಳು. ಬಟ್ಟಲು ನನ್ನ ಇಸ್ತ್ರಿ ಅಂಗಿ ಮೇಲೆ ಮಗುಚಿತು. ಆಗ ನಾನು ಕೂಗಿದ ಕೂಗು ಪಕ್ಕದ ಮನೆಗೂ ಕೇಳಿಸಿರಬೇಕು. ಅಮ್ಮ ಸೆರಗನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆ ಸರಿದಳು. ಆಮೇಲೆ, ಯಾರೋ ಹೊರಗಿನವರ ಹತ್ತಿರ ಮಾತಾಡುವ ಹಾಗೆ, "ಬೈಬೇಡಿ ಅಣ್ಣಾ, ನಮ್ಮ ಹುಡುಗ ಬಂದ ತಕ್ಷಣ ಹೊರಟು ಹೋಗ್ತೀನಿ" ಅಂದಳು.

ಅವಳ ಆ ಹುಡುಗ ನಾನೇ.

ಅದೇ ಸಂಜೆ ಚರ್ಚಿನಲ್ಲಿ ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಒಂದೊಂದು ಸ್ಥಳವಾಗಿ ನೆನೆಯುವ ಪ್ರಾರ್ಥನೆ. ಓದುವ ಸರದಿ ನನ್ನದು. ಬೇರೆ ಅಂಗಿ ಹಾಕಿಕೊಂಡು ಹೋಗಿ ಮೈಕಿನ ಮುಂದೆ ನಿಂತೆ. 3ನೇ ಸ್ಥಳ, ಯೇಸು ಮೊದಲ ಸಲ ಬೀಳುತ್ತಾರೆ. 7ನೇ ಸ್ಥಳ, ಎರಡನೇ ಸಲ. 9ನೇ ಸ್ಥಳ, ಮೂರನೇ ಸಲ. ನಡೆಯುವವರು ಎಡವದೆ ಕೂತವರು ಎಡವುತ್ತಾರಾ ಅಂತ ಅಮ್ಮ ಹಿಂದೆ ಹೇಳುತ್ತಿದ್ದಳು, ಪ್ರತಿ ವರ್ಷ ಈ ಜಾಗಕ್ಕೆ ಬಂದಾಗ ಅದು ನೆನಪಾಗುತ್ತದೆ. ಅಂದ ಹಾಗೆ, ಈ ಮೂರು ಸಲ ಬೀಳುವುದು ಬೈಬಲಿನಲ್ಲಿ ಯೇಸುವಿನ ಕತೆ ಹೇಳುವ ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ, ಭಕ್ತರ ಪರಂಪರೆಯಲ್ಲಿ ಬಂದದ್ದು. 1991ರ ಶುಭ ಶುಕ್ರವಾರ ಎರಡನೇ ಜಾನ್ ಪಾಲ್ ಪೋಪರು ರೋಮಿನ ಕೊಲೋಸಿಯಂನಲ್ಲಿ ಬೈಬಲಿನಲ್ಲಿರುವ ಘಟನೆಗಳನ್ನಷ್ಟೇ ಇಟ್ಟುಕೊಂಡು ಬೇರೆ ಥರದ ಶಿಲುಬೆ ಹಾದಿ ನಡೆಸಿದರು. ಅದರಲ್ಲಿ ಆ ಮೂರೂ ಬಿಟ್ಟುಹೋದವು. 4ನೇ ಸ್ಥಳಕ್ಕೆ ಯೇಸುವಿನ ಶಿಷ್ಯ ಪೇತ್ರ ಬಂದ, "ನನಗೆ ಆತ ಗೊತ್ತೇ ಇಲ್ಲ" ಅಂದ ಪೇತ್ರ. ಗುರು ಬೀಳುವುದನ್ನು ತೆಗೆದರು, ಶಿಷ್ಯ ಬೀಳುವುದನ್ನು ಸೇರಿಸಿದರು! ನಮ್ಮ ಕಡೆ ಹಳೆಯ ಹಾದಿಯೇ ನಡೆಯುತ್ತದೆ, ನನಗೂ ಅದೇ ಇಷ್ಟ. ಆದರೆ ಆವತ್ತು ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ಪೇತ್ರನೇ.

ಅವನ ಕತೆ ನಮಗೆಲ್ಲ ಬಾಯಿಪಾಠ. ಆದರೂ ಒಂದು ಸಂಗತಿ ನಾನು ಬಹಳ ತಡವಾಗಿ ಗಮನಿಸಿದೆ. ಯೇಸು ಸಾಯುವ ಮುಂಚೆ ಶಿಷ್ಯರ ಜೊತೆ ಉಂಡ ಕಡೆಯ ಭೋಜನದ ರಾತ್ರಿ ಪೇತ್ರ ಒಂದು ಮುಚ್ಚಳಿಕೆ ಬರೆದುಕೊಟ್ಟ. ಬಾಯಿಮಾತಿನದೇ, ಆದರೆ ಮುಚ್ಚಳಿಕೆಯೇ. ಎಲ್ಲರೂ ನಿಮ್ಮನ್ನು ಬಿಟ್ಟುಹೋದರೂ ನಾನು ಬಿಡಲ್ಲ, ಸಾಯಬೇಕಾದರೂ ಸರಿ, ಅಂದ. ಯಾರೂ ಕೇಳಿರಲಿಲ್ಲ, ತಾನೇ ಮುಂದೆ ಬಿದ್ದು ಕೊಟ್ಟದ್ದು. ಅದು ಕೋಳಿ ಕೂಗುವ ತನಕವೂ ಬಾಳಲಿಲ್ಲ. ಅದೇ ರಾತ್ರಿ ಯೇಸುವನ್ನು ಹಿಡಿದು ಮಹಾಯಾಜಕನ ಮನೆಗೆ ಒಯ್ದಾಗ, ಅಲ್ಲಿನ ಅಂಗಳದಲ್ಲಿ ಪೇತ್ರ ಮೂರು ಸಲ ಆತ ಗೊತ್ತಿಲ್ಲ ಅಂದ. ಅದೂ ಯಾರ ಮುಂದೆ? ಕತ್ತಿ ಹಿಡಿದ ಸೈನಿಕನ ಮುಂದೆ ಅಲ್ಲ, ಬಾಗಿಲು ಕಾಯುವ ಕೆಲಸದ ಹುಡುಗಿಯ ಮುಂದೆ. ಚಳಿ ಅಂತ ಆಳುಗಳು ಇದ್ದಲು ಬೆಂಕಿ ಹಾಕಿಕೊಂಡಿದ್ದರು. ಪೇತ್ರನೂ ಅಲ್ಲೇ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದ.

ಆ ಇದ್ದಲು ಬೆಂಕಿಗೆ ಶುಭಸಂದೇಶ ಬರೆದ ಯೊವಾನ್ನ ಗ್ರೀಕಿನಲ್ಲಿ ಬಳಸುವ ಪದ 'ಆಂಥ್ರಾಕಿಯ'. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಎರಡೇ ಕಡೆ. ಒಂದು ಈ ಅಂಗಳದಲ್ಲಿ. ಇನ್ನೊಂದು ಯೊವಾನ್ನನ 21ನೇ ಅಧ್ಯಾಯದಲ್ಲಿ, ಯೇಸು ಸತ್ತು ಮತ್ತೆ ಎದ್ದು ಬಂದ ಮೇಲೆ, ಸರೋವರದ ದಡದಲ್ಲಿ. ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಗದೆ, ಬೆಳಗಾಗುತ್ತಲೇ 153 ಮೀನು ಸಿಕ್ಕಿ, ದಡದಲ್ಲಿ ನಿಂತಿರೋರು ಸ್ವಾಮಿ ಅಂತ ಗೊತ್ತಾಗಿ, ದೋಣಿ ಬಿಟ್ಟು ನೀರಿಗೆ ಹಾರಿ ಬಂದರೆ ಅಲ್ಲಿ ಇದ್ದಲು ಬೆಂಕಿ. ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಆ ಹೊಗೆ ಮೂಗಿಗೆ ಬಡಿದಾಗ ಪೇತ್ರನಿಗೆ ಹೇಗಾಗಿರಬೇಡ!

ತಿಂಡಿ ಆಯಿತು. ನಾನು ಆ ಜಾಗದಲ್ಲಿ ಇದ್ದಿದ್ದರೆ ಮೊದಲು ಕೇಳುತ್ತಿದ್ದದ್ದು "ಆವತ್ತು ಯಾಕಪ್ಪಾ ಹಾಗಂದೆ?" ಅಂತ. ಆಮೇಲೆ "ಇನ್ನೊಂದು ಸಲ ಹೀಗೆ ಮಾಡಲ್ಲ ತಾನೇ?" ಅಂತ. ಯೇಸುಸ್ವಾಮಿ ಎರಡನ್ನೂ ಕೇಳಲಿಲ್ಲ. "ನನ್ನ ಮೇಲೆ ನಿನಗೆ ಪ್ರೀತಿ ಇದೆಯಾ?" ಅಂತ ಕೇಳಿದರು. ಮೂರು ಸಲ ಅದನ್ನೇ ಕೇಳಿದರು. ಮೂರನೇ ಸಲಕ್ಕೆ ಪೇತ್ರ ನೊಂದುಕೊಂಡ. "ಪ್ರಭುವೇ, ನಿಮಗೆ ಎಲ್ಲಾ ಗೊತ್ತು. ನನಗೆ ಪ್ರೀತಿ ಇದೆ ಅನ್ನೋದೂ ನಿಮಗೇ ಗೊತ್ತು" ಅಂದ. ಇದು ಆ ರಾತ್ರಿಯ ಪೇತ್ರನ ಮಾತಲ್ಲ. ತನ್ನ ಸಹಿಗೆ ಬೆಲೆ ಇಲ್ಲ ಅಂತ ಅವನಿಗೆ ಅರ್ಥವಾಗಿದೆ. ಅದಕ್ಕೇ ತನ್ನ ಬಗ್ಗೆ ತಾನು ಸಾಕ್ಷಿ ಹೇಳುವುದು ಬಿಟ್ಟು, ನೀವೇ ಒಳಗೆ ನೋಡಿ ಅಂದುಬಿಟ್ಟ. ಅವನಿಗೆ ಸಿಕ್ಕ ಉತ್ತರ, ನನ್ನ ಕುರಿಗಳನ್ನು ಮೇಯಿಸು. ಅಂದರೆ ನನ್ನ ಜನರನ್ನು ನೋಡಿಕೋ.

(ಇಲ್ಲಿ ಗ್ರೀಕಿನಲ್ಲಿ ಪ್ರೀತಿಗೆ ಎರಡು ಬೇರೆ ಬೇರೆ ಪದ ಇವೆ, ಒಂದು ದೊಡ್ಡ ಪ್ರೀತಿ, ಒಂದು ಸ್ನೇಹದ ಪ್ರೀತಿ ಅಂತ ಧ್ಯಾನಕೂಟಗಳಲ್ಲಿ ಹೇಳುತ್ತಾರೆ. ಪದ ಎರಡಿರುವುದು ನಿಜ. ಆದರೆ ಯೊವಾನ್ನ ಬೇರೆ ಕಡೆಗಳಲ್ಲೂ ಅವೆರಡನ್ನು ಅದಲು ಬದಲು ಮಾಡಿ ಬಳಸುತ್ತಾನೆ. ಹಾಗಾಗಿ ಅದರ ಮೇಲೆ ಜಾಸ್ತಿ ಕಟ್ಟಡ ಕಟ್ಟೋಕೆ ನನಗೆ ಮನಸ್ಸಿಲ್ಲ.)

ಪೊಲೀಸ್ ಸ್ಟೇಷನ್ನಿನಲ್ಲಿ, ಹಾಸ್ಟೆಲಿನಲ್ಲಿ, ಹೆಡ್‌ಮಾಸ್ಟರ ಕೋಣೆಯಲ್ಲಿ ಬರೆಸಿಕೊಳ್ಳುತ್ತಾರಲ್ಲ, 'ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ಮಾಡಿದರೆ ಯಾವುದೇ ಕ್ರಮಕ್ಕೆ ಬದ್ಧನಾಗಿರುತ್ತೇನೆ' ಅಂತ, ನಾವು ದೇವರನ್ನೂ ಆ ಮೇಜಿನ ಹಿಂದೆಯೇ ಕೂರಿಸಿಬಿಟ್ಟಿದ್ದೇವೆ. ಪ್ರತಿ ತಪಸ್ಸುಕಾಲಕ್ಕೆ ಒಂದು ಹೊಸ ಮುಚ್ಚಳಿಕೆ. ಅದು ಮುರಿದ ದಿನ ದೇವರ ಮುಂದೆ ಹೋಗೋಕೆ ಮುಖ ಇಲ್ಲ. ಎಷ್ಟು ಜನ ಹೀಗೇ ಚರ್ಚ್ ಬಿಟ್ಟಿದ್ದಾರೆ ಗೊತ್ತಾ? ನಂಬಿಕೆ ಹೋಗಿ ಬಿಟ್ಟವರಲ್ಲ ಇವರು. ಕುಡಿತ ಬಿಡ್ತೀನಿ ಅಂತ ಪೀಠದ ಮುಂದೆ ಹೇಳಿ, ಬಿಡೋಕಾಗದೆ, ನಾಚಿಕೆಯಿಂದ ಕೊನೇ ಬೆಂಚಿಗೆ ಸರಿದು, ಆಮೇಲೆ ಗೇಟಿನ ಹೊರಗೆ ಬೈಕ್ ಮೇಲೇ ಕೂತವರು.

ಪೇತ್ರನಿಂದ ಆ ದಡದಲ್ಲಿ ಮುಚ್ಚಳಿಕೆ ಬರೆಸಿಕೊಂಡಿದ್ದರೂ ಅದು ನಿಲ್ಲುತ್ತಿರಲಿಲ್ಲ. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ಗಲಾತ್ಯದವರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ 2ನೇ ಅಧ್ಯಾಯ ನೋಡಿ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಜೆರುಸಲೇಮಿನ ಕಡೆಯಿಂದ ಕೆಲವರು ಬಂದರು. ಅವರಿಗೆ ಹೆದರಿ ಪಂಕ್ತಿಯಿಂದ ಎದ್ದು ದೂರ ಸರಿದ. ಪೌಲ ಎಲ್ಲರ ಎದುರಿಗೇ ತರಾಟೆಗೆ ತೆಗೆದುಕೊಂಡ. ಇದು ಶಿಷ್ಯರಿಗೆ ಬಲ ಕೊಡಲು ಪವಿತ್ರಾತ್ಮರು ಇಳಿದು ಬಂದ ಎಷ್ಟೋ ವರ್ಷದ ಮೇಲಿನ ಮಾತು. ಜನ ಏನಂದುಕೊಳ್ತಾರೋ ಅನ್ನುವ ಹಳೇ ಭಯ, ಅದೇ ಅಂಗಳದ ಭಯ, ಮನುಷ್ಯನನ್ನು ಬಿಟ್ಟಿರಲಿಲ್ಲ. ಪಂಕ್ತಿಭೇದ ಅಂದರೆ ಏನು ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆದರೂ ಕುರಿ ಮೇಯಿಸುವ ಕೋಲನ್ನು ಅವನ ಕೈಯಿಂದ ಯಾರೂ ಕಿತ್ತುಕೊಳ್ಳಲಿಲ್ಲ.

ಕ್ರೈಸ್ತ ಸಭೆಯ ಚರಿತ್ರೆಯಲ್ಲೂ ಈ ಪ್ರಶ್ನೆ ಒಮ್ಮೆ ಬಹಳ ದೊಡ್ಡದಾಗಿ ಎದ್ದಿತ್ತು. ಕ್ರಿ.ಶ. 250. ರೋಮಿನ ಚಕ್ರವರ್ತಿ ಡೇಸಿಯಸ್ಸನ ಆಜ್ಞೆ. ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕು, ಅಧಿಕಾರಿಗಳ ಎದುರಿಗೇ ಅದನ್ನು ತಿನ್ನಬೇಕು, ಹಾಗೆ ಮಾಡಿದ್ದಕ್ಕೆ ಒಂದು ಸರ್ಟಿಫಿಕೇಟ್ ಪಡೆಯಬೇಕು. ಅಂಥ 40ಕ್ಕೂ ಹೆಚ್ಚು ಪಪೈರಸ್ ಚೀಟಿಗಳು ಈಜಿಪ್ಟಿನಲ್ಲಿ ಸಿಕ್ಕಿವೆ. 'ನಾನು ಮೊದಲಿಂದಲೂ ದೇವತೆಗಳಿಗೆ ಬಲಿ ಕೊಡುತ್ತಲೇ ಬಂದಿದ್ದೇನೆ' ಅಂತ ಶುರುವಾಗುವ, ಸರ್ಕಾರಿ ಅರ್ಜಿ ನಮೂನೆಯಂಥ ಚೀಟಿ. ಕೆಲವು ಕ್ರೈಸ್ತರು ಸತ್ತರು, ಕೆಲವರು ಜೈಲಿಗೆ ಹೋದರು. ಆದರೆ ಬಹಳ ಜನ ಹೆದರಿ ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಚೀಟಿ ಮಾಡಿಸಿಕೊಂಡರು. (ಈ ಉಪಾಯ ನಮ್ಮ ಕಾಲದ್ದು ಅಂದುಕೊಂಡಿದ್ದೆ.) ಗಾಳಿ ತಣ್ಣಗಾದ ಮೇಲೆ ಇವರೆಲ್ಲ ಅಳುತ್ತಾ ಚರ್ಚಿನ ಬಾಗಿಲಿಗೆ ಬಂದರು. ಲ್ಯಾಟಿನ್ನಿನಲ್ಲಿ ಅವರಿಗೆ 'ಲಾಪ್ಸಿ' ಅಂತ ಹೆಸರು. ಬಿದ್ದವರು.

ರೋಮಿನ ನೊವಾಶಿಯನ್ ಎಂಬ ಗುರು ಇವರನ್ನು ಮತ್ತೆ ಸೇರಿಸಿಕೊಳ್ಳಲೇಬಾರದು ಅಂದ. ಅವನ ಕಡೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಣ್ಣ ಜೈಲಿನಲ್ಲಿ ಸತ್ತಿದ್ದಾನೆ, ಚೀಟಿ ಮಾಡಿಸಿಕೊಂಡ ಪಕ್ಕದ ಮನೆಯವನು ಕ್ರಿಸ್ತನ ದೇಹ, ರಕ್ತ ಅಂತ ಚರ್ಚಿನಲ್ಲಿ ಕೊಡುವ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಿದ್ದಾನೆ ಅಂದರೆ ಯಾರಿಗೆ ತಡೆಯುತ್ತದೆ? ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಇನ್ನೊಂದು ದಾರಿ ಹಿಡಿದ. ಅವನೂ ಆ ಕಾಲದಲ್ಲಿ ಊರು ಬಿಟ್ಟು ಅಡಗಿಕೊಂಡಿದ್ದವನು, ಅದಕ್ಕೆ ಮಾತು ಕೇಳಿದವನು. 251ರಲ್ಲಿ ಬಿಷಪ್ಪರೆಲ್ಲ ಸೇರಿ, ಬಿದ್ದವರಿಗೆ ವಾಪಸ್ ಬರುವ ದಾರಿ ಇದೆ, ಆದರೆ ಪ್ರಾಯಶ್ಚಿತ್ತ ಮಾಡಬೇಕು ಅಂತ ತೀರ್ಮಾನ ಮಾಡಿದರು. ಮರುವರ್ಷ ಮತ್ತೊಂದು ಹಿಂಸೆಯ ಸುದ್ದಿ ಬಂತು. ಆಗ ಮಾಡಿದ್ದು ನೋಡಿ. ಇವರು ಒಂದು ಸಲ ಓಡಿದವರು, ಮತ್ತೆ ಓಡಿಯಾರು ಅಂತ ಹೊರಗಿಡಲಿಲ್ಲ. ಪಶ್ಚಾತ್ತಾಪದಲ್ಲಿ ಇದ್ದವರನ್ನೆಲ್ಲ ಬೇಗ ಒಳಗೆ ಕರೆದುಕೊಂಡರು. ಕ್ರಿಸ್ತನಿಗಾಗಿ ರಕ್ತ ಸುರಿಸಿ ಅಂತ ಕೇಳುವವರು ಕ್ರಿಸ್ತನ ರಕ್ತವನ್ನೇ ಅವರಿಗೆ ಕೊಡದೆ ಹೇಗೆ ಕಳಿಸೋದು ಅನ್ನುವುದು ಸಿಪ್ರಿಯನ್ನನ ವಾದ. ಗಟ್ಟಿಯಾದ ಮೇಲೆ ಬಾ ಅನ್ನಲಿಲ್ಲ, ಗಟ್ಟಿಯಾಗೋಕೇ ಬಾ ಅಂದರು. ಆಗ ಅಡಗಿದ್ದ ಸಿಪ್ರಿಯನ್ 258ರ ಸೆಪ್ಟೆಂಬರ್ 14ರಂದು ಕತ್ತಿಗೆ ಕತ್ತು ಕೊಟ್ಟ.

ಹಾಗಾದರೆ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ 'ಇನ್ನು ಪಾಪ ಮಾಡುವುದಿಲ್ಲ' ಅಂತ ನಿರ್ಧಾರ ಮಾಡುತ್ತೇವಲ್ಲ, ಅದು ಮುಚ್ಚಳಿಕೆ ಅಲ್ವಾ ಅಂತ ಕೇಳಬಹುದು. ನಾನೂ ಇದರ ಮೇಲೆ ತುಂಬಾ ತಲೆ ಕೆಡಿಸಿಕೊಂಡಿದ್ದೇನೆ. ಮನಸ್ಸು ಮಾಡುವುದು ಬೇರೆ, ಗ್ಯಾರಂಟಿ ಕೊಡುವುದು ಬೇರೆ. ತಿದ್ದಿಕೊಳ್ಳುವ ಮನಸ್ಸನ್ನು ಧರ್ಮಸಭೆ ಕೇಳುತ್ತದೆ. ಮತ್ತೆ ಬೀಳೋದೇ ಇಲ್ಲ ಅನ್ನುವ ಖಾತ್ರಿಯನ್ನು ಕೇಳುವುದಿಲ್ಲ. ಗ್ಯಾರಂಟಿ ಕೊಡೋಕೆ ಹೋದವನಿಗೆ ಬೇಕಾಗಿರುವುದು ತನ್ನ ಬಗ್ಗೆ ತನಗೆ ಒಂದು ಒಳ್ಳೇ ಅಭಿಪ್ರಾಯ. ಅಂಗಿ ಕೆಟ್ಟ ದಿನ ನನಗೆ ಉರಿದದ್ದರಲ್ಲಿ ಅರ್ಧ ಅದೇ. ಅಮ್ಮ ಹೆದರಿದಳಲ್ಲ ಅನ್ನುವುದಕ್ಕಿಂತ, ಚರ್ಚಿನಲ್ಲಿ ಓದುವವನು ನಾನು, ನಾನು ಹೀಗೆ ಕೂಗಿದೆನಲ್ಲ ಅನ್ನುವುದೇ ಜಾಸ್ತಿ ಚುಚ್ಚಿತ್ತು.

ಇದನ್ನು ಓದಿ ಯಾವನಾದರೂ ಹೆಂಡತಿಗೆ ಹೊಡೆದ ಕೈಯನ್ನು ಈ ನೀರಲ್ಲಿ ತೊಳೆದುಕೊಳ್ಳುವುದು ಬೇಡ. ದೇವರು ಮುಚ್ಚಳಿಕೆ ಕೇಳದಿರಬಹುದು, ಏಟು ತಿಂದವಳು ಕೇಳಬಹುದು, ಕೇಳಲೇಬೇಕು. ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ, ಬೈಬಲಿನಲ್ಲಿ ಬರುವ ತೆರಿಗೆ ಅಧಿಕಾರಿ ಜಕ್ಕಾಯ, ಸುಮ್ನೆ ಅತ್ತು ಹೋಗಲಿಲ್ಲ. ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅಂದರೆ ತಂಗಿಗೆ ಫೋನ್ ಮಾಡಿ "ನನ್ನ ಕೈಲಿ ಒಬ್ಬನಿಗೇ ಆಗ್ತಿಲ್ಲ ಕಣೇ" ಅಂದದ್ದು. ಶನಿವಾರ, ಭಾನುವಾರ ಈಗ ಅವಳು ನೋಡಿಕೊಳ್ಳುತ್ತಾಳೆ. ನನ್ನ ತಾಳ್ಮೆ ಐದು ದಿನದ್ದು ಅಂತ ಒಪ್ಪಿಕೊಳ್ಳೋಕೆ ನಾಲ್ಕು ವರ್ಷ ಬೇಕಾಯಿತು.

ಪಾಸ್ಕ ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಹೋದೆ. ಅಲ್ಲಿ ನಡೆದದ್ದನ್ನು ಗುರುಗಳು ಯಾರಿಗೂ ಹೇಳುವ ಹಾಗಿಲ್ಲ, ನಾನು ಹೇಳಬಹುದು. ನಾಲ್ಕು ವರ್ಷದಿಂದ ನನ್ನದು ಪಡಿತರ ಅಂಗಡಿಯ ಲೆಕ್ಕ. ಪ್ರತಿ ಸಲ ಅದೇ ಕಾರ್ಡು, ಅದೇ ಅಕ್ಕಿ. ಈ ಸಲ "ಫಾದರ್, ಇನ್ನು ಮಾಡಲ್ಲ ಅಂತ ಹೇಳೋಕೇ ನಾಚಿಕೆ ಆಗುತ್ತೆ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಬಲ್ ವಾಕ್ಯ ಏನೂ ಹೇಳಲಿಲ್ಲ.

"ಇವತ್ತು ರಾತ್ರಿ ಅಮ್ಮನಿಗೆ ಊಟ ಯಾರು ಕೊಡ್ತಾರಪ್ಪಾ?"

"ನಾನೇ ಫಾದರ್."

"ನಾಳೆ?"

"ನಾನೇ."

"ಸರಿ. ಅವರು ಸಾಕು ಅಂದಾಗ ಸಾಕು ಮಾಡಿ. ಅದೇ ನಿಮ್ಮ ಪ್ರಾಯಶ್ಚಿತ್ತ."

ಆ ರಾತ್ರಿ ಗಂಜಿ ಆರಿಸಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಅಮ್ಮ ನನ್ನ ಮುಖವನ್ನೇ ನೋಡುತ್ತಾ ಎರಡು ಚಮಚ ಕುಡಿದಳು. "ನಮ್ಮ ಹುಡುಗನೂ ಹೀಗೇ ಚಮಚ ಹಿಡಿಯೋದು" ಅಂದಳು. ನಾನು ಹೂಂ ಅಂದೆ. "ಸ್ವಲ್ಪ ಕೋಪ ಜಾಸ್ತಿ ಅವನಿಗೆ. ಆದ್ರೂ ಬರ್ತಾನೆ" ಅಂದಳು. ಮತ್ತೆರಡು ಚಮಚ ಕುಡಿದಳು. ಐದನೆಯದಕ್ಕೆ ಬಾಯಿ ಬಿಗಿ ಮಾಡಿದಳು. ಬಟ್ಟಲು ಕೆಳಗಿಟ್ಟೆ.